ಸೂಜಿಗೆ ಹೊರಟ ರೇವಮ್ಮ

ಚೌಡಪ್ಪ ಒಬ್ಬನೇ ಕೂತು ಮಾತ್ರೆ ನುಂಗುವ ಆಸಾಮಿಯಲ್ಲ. ಗುಬ್ಬಿ, ಚೇಳೂರು ಸೀಮೆಯ ಕರೆಂಟ್ ಕಂಬಗಳನ್ನೆಲ್ಲ ಹತ್ತಿ ಇಳಿದ ಲೈನ್‌ಮನ್ ಅವನು. ಗಾಳಿಮಳೆಗೆ ತೆಂಗಿನ ಗರಿ ಬಿದ್ದು ತಂತಿ ಹರಿದರೆ ಬೇರೆಯವರು ದೂರ ನಿಂತು ದೇವರ ನೆನೆಯುವಾಗ ಇವನು ಬೀಡಿ ಎಸೆದು ಕಂಬ ಹತ್ತುತ್ತಿದ್ದ. ಅಂಥವನು ರಿಟೈರ್ ಆದ ವರ್ಷವೇ ಎದೆ ಹಿಡಿದುಕೊಂಡು ಕೂತುಬಿಟ್ಟ. ಬೆಂಗಳೂರಿನ ಡಾಕ್ಟರು ಮೂರು ಥರದ ಮಾತ್ರೆ ಬರೆದುಕೊಟ್ಟು, ಇರುವಷ್ಟು ದಿನ ನುಂಗಬೇಕು ಅಂದರು.

ಮನೆಗೆ ಬಂದ ಮಾರನೆಯ ದಿನವೇ ಅವನ ಹಟ ಶುರುವಾಯಿತು.

"ರೋಗಿಷ್ಟನ ಥರ ಒಬ್ನೇ ಕೂತ್ಕೊಂಡು ನುಂಗಲ್ಲ ಕಣೇ. ನೀನೂ ಒಂದು ನುಂಗು, ಆಮೇಲೆ ನೋಡಾನ."

"ನಂಗೇನಾಗಿದೆ ಅಂತ ನುಂಗ್ಲಿ?"

"ಹಂಗಾದ್ರೆ ನಂಗೂ ಏನಾಗಿಲ್ಲ ಬುಡು."

ಮಗುವಿಗೆ ಕಷಾಯ ಕುಡಿಸುವಾಗ ತಾಯಿ ಮೊದಲು ತಾನೊಂದು ಗುಟುಕು ಕುಡಿದು ತೋರಿಸುವುದಿಲ್ಲವೇ, ರೇವಮ್ಮ ಹಾಗೇ ಮಾಡಿದಳು. ಮೂರರಲ್ಲಿ ಪುಟಾಣಿಯದೊಂದನ್ನು ತಾನೂ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಅವಳು ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆ ಚೌಡಪ್ಪ ತನ್ನ ಮೂರನ್ನೂ ಒಟ್ಟಿಗೆ ನುಂಗಿದ. ಅಲ್ಲಿಂದಾಚೆ ಬಟವಾಡಿಯ ಆ ಬಾಡಿಗೆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಗಂಡ ಹೆಂಡತಿ ಎದುರುಬದುರು ಕೂತು ಮಾತ್ರೆ ನುಂಗುವುದು ಎಲೆಯಡಿಕೆ ಹಾಕಿಕೊಂಡಷ್ಟೇ ಸಹಜವಾಗಿ ಹೋಯಿತು. ಮೆಡಿಕಲ್ ಸ್ಟೋರಿನಲ್ಲಿ ಆ ಪುಟಾಣಿ ಮಾತ್ರೆಯದೊಂದೇ ಹಾಳೆ ಜಾಸ್ತಿ ತರುತ್ತಿದ್ದರು. ಮಗ ತಿಮ್ಮೇಶನಿಗಾಗಲಿ ಸೊಸೆ ಶಾಂತಲಾಗಾಗಲಿ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವರು ಒಂದೇ ಹಾಳೆಯ ಮಾತ್ರೆ ನುಂಗಿದರೆ ಏನು ಮಹಾ ಎಂದುಕೊಂಡಿದ್ದರು.

ಎರಡು ಸಾವಿರದ ಏಳನೇ ಇಸವಿಯ ಯುಗಾದಿಯಂದು ರೇವಮ್ಮ ಎಲ್ಲರಿಗೂ ಎಣ್ಣೆ ಒತ್ತಿ, ನೀರು ಹಾಕಿ, ಕೊನೆಗೆ ತಾನು ಬಚ್ಚಲಿಗೆ ಹೋದಳು. ಮೈಗೆ ಹರಳೆಣ್ಣೆ ತಿಕ್ಕಿಕೊಳ್ಳುವಾಗ ಎಡ ಎದೆಯ ಹೊರಬದಿಯಲ್ಲಿ, ಕಂಕುಳ ಹತ್ತಿರ, ಗಟ್ಟಿಯಾದದ್ದೇನೋ ಬೆರಳಿಗೆ ಸಿಕ್ಕಿತು. ಒತ್ತಿದರೆ ನೋವಿಲ್ಲ. ಕೆಂಪಗೂ ಆಗಿಲ್ಲ. ಹೊರಗೆ ಒಬ್ಬಟ್ಟಿನ ಹೂರಣ ತಳ ಹಿಡಿಯುವ ವಾಸನೆ ಬಂದದ್ದೇ ಅವಳು ಬೇಗಬೇಗ ಸೀರೆ ಸುತ್ತಿಕೊಂಡು ಒಲೆಯ ಮುಂದೆ ಓಡಿದಳು. ನೋವಿಲ್ಲದ್ದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಅವಳೂ ಕೆಡಿಸಿಕೊಳ್ಳಲಿಲ್ಲ.

ಆಷಾಢ ಬಂದರೂ ಅದು ಕರಗಲಿಲ್ಲ. ಒಂದು ಭಾನುವಾರ ಅತ್ತೆ ಸೊಸೆ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ರೇವಮ್ಮ ಬಾಯಿಬಿಟ್ಟಳು.

"ನಿಂಗೊಂದು ವಿಷ್ಯ ಹೇಳ್ತೀನಿ. ಗಂಡಸರ ಕಿವಿಗೆ ಹಾಕ್ಬೇಡ."

ಕೇಳಿ ಮುಗಿಸುವಷ್ಟರಲ್ಲಿ ಶಾಂತಲಾ ಹಿಂಡುತ್ತಿದ್ದ ಸೀರೆಯನ್ನು ಮತ್ತೆ ಬಕೆಟ್ಟಿಗೆ ಬಿಟ್ಟಳು. ಅವಳು ಹತ್ತಿರದ ಕಾನ್ವೆಂಟಿನಲ್ಲಿ ಟೀಚರು. ದನಿಯೂ ಹಾಗೇ, ಹಿಂದಿನ ಬೆಂಚಿನವರೆಗೂ ಮುಟ್ಟುವಂಥದ್ದು.

"ಯುಗಾದಿಯಿಂದಾನಾ? ಅಲ್ಲ ಅತ್ತೆ, ಸಕ್ಕರೆ ಡಬ್ಬಕ್ಕೆ ಒಂದು ಇರುವೆ ಬಂದ್ರೆ ಇಡೀ ಅಡುಗೆಮನೆ ಕಿತ್ತು ಹೊರಗ್ಹಾಕ್ತೀರ. ಇದನ್ನ ಇಷ್ಟು ದಿನ ಇಟ್ಕೊಂಡು ಕೂತಿದ್ರಾ?"

"ಮೆತ್ತಗೆ ಮಾತಾಡೇ. ಪಕ್ಕದ ಮನೆಯೋರು ಮಹಡಿ ಮೇಲವ್ರೆ."

"ಇರ್ಲಿ. ನಾಳೆ ಸ್ಕೂಲಿಗೆ ಅರ್ಧ ದಿನ ರಜ ಹಾಕ್ತೀನಿ. ನಡೀರಿ."

ಬಿ.ಎಚ್. ರಸ್ತೆಯ ಸರ್ಜನ್ ಮೇಡಂ ಬೆರಳಲ್ಲಿ ಒತ್ತಿ ನೋಡಿದರು, ಸ್ಕ್ಯಾನಿಗೆ ಕಳಿಸಿದರು. ಸ್ಕ್ಯಾನಿನ ಕಾಗದ ನೋಡಿದ ಮೇಲೆ ಅವರು ಸುತ್ತಿಬಳಸದೆ ಹೇಳಿದರು: "ನೋಡಿ ರೇವಮ್ಮ, ಹೊರಗಿಂದ ನೋಡಿ ಇದು ಏನು ಅಂತ ಹೇಳೋಕಾಗಲ್ಲ. ಸ್ಕ್ಯಾನಲ್ಲಿ ನೋಡ್ಕೊಂಡೇ ಸೂಜಿ ಹಾಕಿ, ಅಕ್ಕಿಕಾಳಿನಷ್ಟು ತುಂಡು ತೆಗೀತಾರೆ. ಬಯಾಪ್ಸಿ ಅಂತಾರೆ. ಅಡ್ಮಿಟ್ ಆಗೋದು ಬೇಡ, ಹೊಲಿಗೆ ಇಲ್ಲ. ಬಹಳ ಜನಕ್ಕೆ ಅದು ಸಾಮಾನ್ಯ ಗಂಟು ಅಂತಲೇ ಬರುತ್ತೆ. ಆದ್ರೆ ನೋಡದೆ ಇರೋ ಹಾಗಿಲ್ಲ."

ಆ ರಾತ್ರಿ ಮುದ್ದೆ, ಹುರುಳಿಕಾಳು ಸಾರು. ಶಾಂತಲಾ ಬಡಿಸುತ್ತಲೇ ವಿಷಯ ತೆಗೆದಳು. ಚೌಡಪ್ಪ ಮುರಿದ ತುತ್ತನ್ನು ಸಾರಿನಲ್ಲೇ ಬಿಟ್ಟ.

"ಸೂಜಿನಾ? ಗಂಟಿಗೆ ಸೂಜಿ ತಾಕಿಸ್ಬಾರ್ದು. ಮಲಗಿರೋ ಹಾವನ್ನ ಕೆಣಕಿದಂಗೆ ಅದು."

"ಮಾವ, ಡಾಕ್ಟ್ರು ಹೇಳಿದ್ದು..."

"ಡಾಕ್ಟ್ರು ನಮ್ಮ ರಂಗಕ್ಕಂಗೂ ಹೇಳಿದ್ರು ಕಣಮ್ಮ! ಅದೇನೋ ಸೂಜಿ ಹಾಕಿ ನೋಡ್ತೀವಿ ಅಂದ್ರು. ಕೈ ಹಿಡ್ಕೊಂಡು ಕರ್ಕೊಂಡೋದೋನು ನಾನೇ. ಸೂಜಿ ಹಾಕಿದ ಆರು ತಿಂಗ್ಳಿಗೆ ಚೇಳೂರ್ನಲ್ಲಿ ಮಣ್ಣು ಮಾಡಿ ಬಂದ್ವಿ."

ರಂಗಮ್ಮ ಚೌಡಪ್ಪನ ದೊಡ್ಡಕ್ಕ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ತೊಂಬತ್ತೈದರಲ್ಲಿ ಅವಳು ಹೋದ ಮೇಲೆ ಅವನು ಅವಳ ಹೆಸರೆತ್ತಿದ್ದೇ ಕಡಿಮೆ. ಈಗ ಎತ್ತಿದ ಮೇಲೆ ಊಟ ಸೇರಲಿಲ್ಲ, ಕೈ ತೊಳೆದ. ರೇವಮ್ಮನಿಗೂ ಭಯವಾಯಿತು. ರಂಗಕ್ಕನ ಕೊನೆಯ ದಿನಗಳನ್ನು ಅವಳೂ ಕಂಡಿದ್ದಳು. ಆದರೆ ಅದು ಏನೆಂದು ತಿಳಿಯದೆ ಕೂತಿರುವುದು ಇನ್ನೂ ದೊಡ್ಡ ಭಯ ಅನ್ನಿಸಿತು.

ತಿಮ್ಮೇಶ ಗುಬ್ಬಿಯ ಕಾಲೇಜಿನಲ್ಲಿ ಗುಮಾಸ್ತ. ಅಪ್ಪನಿಗೂ ಬೇಡ ಅನ್ನಲಾರ, ಹೆಂಡತಿಗೂ ಬೇಡ ಅನ್ನಲಾರ. ಅವನು ತನ್ನ ಕಚೇರಿಯ ಉಪಾಯವನ್ನೇ ಮನೆಗೂ ತಂದ: "ಗೌರಿ ಹಬ್ಬ ಕಳೀಲಿ ಅಮ್ಮ. ಆಮೇಲೆ ನಿಧಾನಕ್ಕೆ ಯೋಚ್ನೆ ಮಾಡಾನ."

"ಗೌರಿ ಹಬ್ಬ ಆದ್ಮೇಲೆ ಪಿತೃಪಕ್ಷ ಅಂತೀಯ. ಆಮೇಲೆ ದಸರಾ, ಅದಾದ್ಮೇಲೆ ದೀಪಾವಳಿ. ಹಬ್ಬ ಇಲ್ದಿರೋ ತಿಂಗ್ಳು ಕ್ಯಾಲೆಂಡರ್‌ನಲ್ಲಿ ಯಾವ್ದೈತೆ ತೋರ್ಸಪ್ಪ" ಅಂದಳು ರೇವಮ್ಮ. "ನಾನು ಗುರುವಾರ ಹೋಗ್ತೀನಿ."

ಗುರುವಾರ ಅವಳು ಏನೂ ತಿನ್ನದೆ, ಕಾಫಿಯನ್ನೂ ಕುಡಿಯದೆ ಹೊರಟಳು. ಸ್ಕ್ಯಾನಿಂಗ್ ಸೆಂಟರಿನ ನರ್ಸು ವನಜಮ್ಮ, ಗುಬ್ಬಿ ಕಡೆಯ ಹೆಂಗಸು, ಅವಳ ಬಾಡಿದ ಮುಖ ನೋಡಿ, "ಯಾರಮ್ಮ ನಿಮ್ಗೆ ಉಪವಾಸ ಇರಿ ಅಂದಿದ್ದು? ಇದಕ್ಕೆ ಮತ್ತು ಕೊಡಲ್ಲ. ಹೋಗಿ ಇಡ್ಲಿ ತಿಂದ್ಕೊಂಡ್ ಬನ್ನಿ" ಅಂತ ಗದರಿ ಕಳಿಸಿದಳು. ಇಡ್ಲಿ ತಿಂದು ಬಂದದ್ದಾಯಿತು. ಬಿ.ಪಿ. ನೋಡಿದ್ದಾಯಿತು. ಸ್ಕ್ಯಾನ್ ಡಾಕ್ಟರು ಕೇಳಿದರು: "ಯಾವುದಾದ್ರೂ ಮಾತ್ರೆ ತಗೊಳ್ತೀರಾ? ರಕ್ತ ತೆಳು ಮಾಡೋಂಥದ್ದು?"

"ಇಲ್ಲ ಸಾರ್. ನಂಗ್ಯಾವ ಕಾಯ್ಲೆನೂ ಇಲ್ಲ."

ಅವಳು ಸುಳ್ಳು ಹೇಳಲಿಲ್ಲ. ಅದು ಗಂಡನ ಮಾತ್ರೆ, ಅವಳದ್ದಲ್ಲ. ಆದರೆ ಬಾಗಿಲ ಬಳಿ ನಿಂತಿದ್ದ ಶಾಂತಲಾಗೆ ಏನೋ ಹೊಳೆಯಿತು. "ಅತ್ತೆ, ರಾತ್ರಿ ಹೊತ್ತು ಮಾವನ ಜೊತೆ ನುಂಗ್ತೀರಲ್ಲ, ಅದು?"

"ಅದು ನಿಮ್ಮಾವಂದು ಕಣೇ."

"ಹೊಟ್ಟೆಗೆ ಹೋಗೋದು ನಿಮ್ದಲ್ವಾ?"

ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಿದ್ದವರು ನಿಲ್ಲಿಸಿದರು. ಕಥೆಯನ್ನೆಲ್ಲ ಕೇಳಿದ ಮೇಲೆ ಅವರಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. "ಅಮ್ಮ, ಅದು ಎದೆನೋವು ಬಂದೋರು ರಕ್ತ ಹೆಪ್ಪುಗಟ್ಟದಿರಲಿ ಅಂತ ತಗೊಳ್ಳೋ ಮಾತ್ರೆ. ನಿಮಗೆ ಈಗ ಸೂಜಿ ಹಾಕಿದ್ರೆ ಒಳಗೆ ರಕ್ತ ನಿಲ್ಲದೆ ಊದಿಕೊಳ್ಳುತ್ತೆ. ನೀವು ಅದನ್ನ ಬಿಟ್ಟು ಒಂದು ವಾರ ಆದ್ಮೇಲೆ ಬನ್ನಿ. ನಿಮ್ಮ ಯಜಮಾನರು ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಅವರದ್ದು ಅವರಿಗೆ."

ಆಟೋದಲ್ಲಿ ವಾಪಸ್ಸು ಬರುವಾಗ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಗು ಮನೆಯ ಬಾಗಿಲವರೆಗೆ ಮಾತ್ರ ಬಂತು. ಕಾರಣ ಕೇಳಿ ಚೌಡಪ್ಪ ಎದ್ದು ನಿಂತ.

"ಹಂಗಾದ್ರೆ ದೇವರೇ ತಡೆದಿದ್ದು ಅನ್ನು. ಇಲ್ಲಿಗೆ ಬುಟ್ಬುಡು ರೇವಾ."

"ದೇವ್ರಲ್ಲ ಕಣ್ರೀ, ನಿಮ್ಮ ಮಾತ್ರೆ ತಡೆದಿದ್ದು. ಇವತ್ತಿಂದ ನಾನು ನುಂಗಲ್ಲ. ನೀವೊಬ್ರೇ ನುಂಗ್ಬೇಕು."

"ನೀನು ನುಂಗದಿದ್ರೆ ನಾನೂ ನುಂಗಲ್ಲ. ನೀನು ಆ ಸೂಜಿ ಆಸೆ ಬುಡೋಗಂಟ ನಂಗೂ ಮಾತ್ರೆ ಬೇಡ. ಏನಾಗ್ತದೋ ಆಗ್ಲಿ."

ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಅಂತಾರಲ್ಲ, ಚೌಡಪ್ಪನ ಬುದ್ಧಿ ಮೂರಕ್ಕೇ ನಿಂತಿತ್ತು. ಅಂದು ರಾತ್ರಿ ಮೂರು ಮಾತ್ರೆ ಬಟ್ಟಲಲ್ಲೇ ಉಳಿದವು. ಮಾರನೆಯ ರಾತ್ರಿಯೂ ಉಳಿದವು. ತಿಮ್ಮೇಶ ಅಂಗಲಾಚಿದ, ಶಾಂತಲಾ ಜೋರು ಮಾಡಿದಳು. ಚೌಡಪ್ಪ ಟಿ.ವಿ.ಯಲ್ಲಿ ಕ್ರಿಕೆಟ್ಟಿನ ದನಿ ಜೋರು ಮಾಡಿದ.

ಸುದ್ದಿ ಫೋನಿನಲ್ಲಿ ಕುಣಿಗಲ್ಲಿಗೆ ಮುಟ್ಟಿತು. ಅಲ್ಲಿಂದ ಚೌಡಪ್ಪನ ತಂಗಿ ನರಸಮ್ಮ ಮೊದಲ ಬಸ್ಸಿಗೇ ಬಂದಿಳಿದಳು. ಕೈಚೀಲದಲ್ಲಿ ಒಂದು ಮಣ್ಣಿನ ಕುಡಿಕೆ, ಅದರ ಬಾಯಿಗೆ ಬಾಳೆಲೆ ಕಟ್ಟಿತ್ತು.

"ನಮ್ಮೂರ ಪಂಡಿತ್ರು ಕೊಟ್ಟ ಲೇಪ ಕಣತ್ತಿಗೆ. ಎಂಥ ಗಂಟಾದ್ರೂ ಬೆಣ್ಣೆ ಥರ ಕರಗ್ತದಂತೆ. ಯಾವ ಸೂಜಿಯೂ ಬೇಡ, ಯಾವ ಸ್ಕ್ಯಾನೂ ಬೇಡ. ಮೂರು ದಿವ್ಸ ಹಚ್ಕೋ ಸಾಕು."

ಮನೆಗೆ ಬಂದ ನಾದಿನಿಯನ್ನು ಬೇಡ ಅಂತ ನೋಯಿಸುವುದು ರೇವಮ್ಮನಿಗೆ ಬರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕುಡಿಕೆ ಇಸಕೊಂಡು ಒಳಗೆ ಹೋದವಳು, ಬಹಳ ದಿನದಿಂದ ಕಾಡುತ್ತಿದ್ದ ಬಲಮಂಡಿಗೆ ಲೇಪವನ್ನು ಧಾರಾಳವಾಗಿ ಬಳಿದುಕೊಂಡಳು. ಬೆಳಗಾಗುವಷ್ಟರಲ್ಲಿ ಮಂಡಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೊಕ್ಕೆ ಎದ್ದಿತ್ತು. ಅವಳು ಕುಂಟುತ್ತ ಬಂದು ಕಾಫಿ ಕುಡಿಯುತ್ತಿದ್ದ ಅಣ್ಣತಂಗಿಯರ ಮುಂದೆ ಸೀರೆ ಸರಿಸಿ ಮಂಡಿ ತೋರಿಸಿದಳು.

"ನೋಡಿ, ಮಂಡಿ ಚರ್ಮ ದಪ್ಪ ಇರ್ತದೆ. ಅಂಥ ಚರ್ಮಕ್ಕೇ ಹಿಂಗಾಗೈತೆ. ಅಲ್ಲಿಗೆ ಹಚ್ಚಿದ್ರೆ ಏನಾಗ್ತಿತ್ತು ನೀವೇ ಹೇಳಿ."

ನರಸಮ್ಮ ಲೋಟ ಕೆಳಗಿಟ್ಟಳು. "ಅಯ್ಯೋ ಶಿವನೇ! ಸೂಜಿಗಿಂತ ಇದೇ ಕಡೆಯಾಯ್ತಲ್ಲ" ಅಂದು ಕುಡಿಕೆಯನ್ನು ತಾನೇ ಹಿತ್ತಲ ಚರಂಡಿಗೆ ಸುರಿದು ಬಂದಳು. ಊಟ ಮುಗಿಸಿ ಕುಣಿಗಲ್ ಬಸ್ಸು ಹತ್ತುವ ಮೊದಲು ಅಣ್ಣನಿಗೆ, "ಅತ್ತಿಗೆ ಮಾತು ಕೇಳೋ" ಅಂದಳು. ಹಾಗಂದರೂ ಅವಳ ಕಣ್ಣಲ್ಲಿ ಹೆದರಿಕೆ ಹಾಗೇ ಇತ್ತು. ಅವಳೂ ರಂಗಮ್ಮನ ತಂಗಿಯೇ ತಾನೆ.

ಚೌಡಪ್ಪ ಬಗ್ಗಲಿಲ್ಲ. ಆ ಸಂಜೆ ಅವನು ತೆಂಗಿನಕಾಯಿ ತರಲು ಬೀದಿಯ ತುದಿಯವರೆಗೆ ಹೋಗಿ ಬಂದು ಏದುಸಿರು ಬಿಡುತ್ತ ಜಗಲಿಯ ಮೇಲೆ ಕೂತ. ಶಾಂತಲಾ ಅಡುಗೆಮನೆಗೆ ಬಂದು ಪಿಸುಗುಟ್ಟಿದಳು: "ಅತ್ತೆ, ಮಾವ ನಿಜವಾಗ್ಲೂ ಬಿಟ್ಟಿದ್ದಾರೆ. ಏನಾದ್ರೂ ಹೆಚ್ಚುಕಡಿಮೆ ಆದ್ರೆ?"

ರೇವಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಗಂಡನ ಎದುರು ಕೂತಳು. ಬಟ್ಟಲು ನಡುವೆ ಇಟ್ಟಳು.

"ನನ್ನ ಹೆದರಿಸ್ಬೇಕು ಅಂತ ಮಾತ್ರೆ ಬಿಟ್ಟಿದೀರ. ಸರಿ, ಹೆದರಿದೀನಿ. ಆದ್ರೂ ಹೋಗ್ತೀನಿ. ನೀವು ಬಿದ್ರೆ ನಿಮ್ಮನ್ನ ಆಸ್ಪತ್ರೇಲಿ ಮಲಗ್ಸಿ, ಅಲ್ಲಿಂದಲೇ ಆಟೋ ಹಿಡ್ಕೊಂಡು ಸೂಜಿಗೆ ಹೋಗ್ತೀನಿ. ನಿಮ್ಮ ಮಾತ್ರೆ ನಿಮ್ದು, ನನ್ನ ಗಂಟು ನನ್ದು. ಇಷ್ಟು ದಿನ ನಾನೂ ನುಂಗಿದ್ದು ನಿಮ್ಮ ಮೇಲಿನ ಪ್ರೀತಿಗೆ ಹೊರ್ತು ನಿಮ್ಮ ಹಟಕ್ಕಲ್ಲ."

ಚೌಡಪ್ಪ ಬಟ್ಟಲನ್ನು ಮುಟ್ಟಲಿಲ್ಲ. ಆದರೆ ಮಾರನೆಯ ದಿನ ಅಲಮಾರು ಒರೆಸುವಾಗ ರೇವಮ್ಮ ಮಾತ್ರೆಯ ಹಾಳೆಗಳನ್ನು ನೋಡಿದಳು. ಮೂರರಲ್ಲೂ ಒಂದೊಂದು ಗೂಡು ಹೊಸದಾಗಿ ಖಾಲಿಯಾಗಿತ್ತು. ಮಹಾರಾಯ ಯಾರಿಗೂ ಕಾಣದ ಹಾಗೆ ನುಂಗಿ ಮತ್ತೆ ಹಟದ ಮುಖ ಹಾಕಿಕೊಂಡು ಕೂತಿದ್ದ. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ಅಲಮಾರಿಗೆ ಹಣೆ ಇಟ್ಟು ಅತ್ತಳು. ಕಂಡುಹಿಡಿದೆ ಅಂತ ಮಾತ್ರ ತೋರಿಸಿಕೊಳ್ಳಲಿಲ್ಲ. ಗಂಡಸರ ಮಾನವನ್ನು ಅಷ್ಟಾದರೂ ಕಾಯಬೇಕಲ್ಲ.

ವಾರ ಕಳೆದು ಶುಕ್ರವಾರ ಬೆಳಿಗ್ಗೆ ಅವಳು ಈ ಸಲ ಉಪ್ಪಿಟ್ಟು ತಿಂದೇ ಹೊರಟಳು. ಚೌಡಪ್ಪ ಪೇಪರ್ ಹಿಡಿದು ಕೂತಿದ್ದ. ಹೋಗಿ ಬರ್ತೀನಿ ಅಂದರೆ ತಲೆ ಎತ್ತಲಿಲ್ಲ.

ಸ್ಕ್ಯಾನಿನ ಕೋಣೆ ತಣ್ಣಗಿತ್ತು, ಅರ್ಧ ಕತ್ತಲೆ. ವನಜಮ್ಮ ರವಿಕೆ ಬಿಚ್ಚಿಸಿ ಹಸಿರು ಬಟ್ಟೆ ಹೊದಿಸಿದಳು. ತಾಳಿಯ ಸರ ತೆಗೆಯಬೇಕೇನೋ ಎಂದು ರೇವಮ್ಮ ಕತ್ತಿಗೆ ಕೈ ಹಾಕಿದಾಗ, "ಇರ್ಲಿ ಬಿಡಿ, ಅದೇನು ಅಡ್ಡ ಬರಲ್ಲ" ಅಂದು ಅದನ್ನು ಬಲಭುಜದ ಹಿಂದಕ್ಕೆ ಸರಿಸಿದಳು. ಬೆನ್ನ ಕೆಳಗೆ ಒಂದು ಬದಿಗೆ ದಿಂಬು ಕೊಟ್ಟು, ಎಡಗೈಯನ್ನು ತಲೆಯ ಮೇಲಕ್ಕೆ ಇಡಿಸಿದಳು. ಶಾಂತಲಾ ತಿದ್ದಲು ತಂದ ಮಕ್ಕಳ ಪುಸ್ತಕಗಳ ಕಟ್ಟು ಹಿಡಿದು ಹೊರಗೆ ಕೂತಳು. ಡಾಕ್ಟರು ಗಂಡಸು ಅಂತ ರೇವಮ್ಮನಿಗೆ ಮೊದಲ ಸಲ ಇದ್ದ ನಾಚಿಕೆ ಈಗ ಇರಲಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಬಂದಾಗ ನಾಚಿಕೆ ತಾನಾಗಿ ಎದ್ದು ಹೋಗುತ್ತದೆ.

"ಸಾರ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸೂಜಿ ಹಾಕಿದ್ರೆ ಅದು ಮೈಗೆಲ್ಲ ಹರಡ್ತದಂತೆ, ಹೌದಾ?"

"ಎಲ್ಲರೂ ಕೇಳ್ತಾರಮ್ಮ, ಕೇಳಿದ್ದು ಒಳ್ಳೇದಾಯ್ತು. ಹರಡೋದು ಸೂಜಿಯಿಂದಲ್ಲ, ಬಿಟ್ಟುಕೊಂಡು ಕೂತ್ರೆ. ಯಾರು ಹೇಳಿದ್ರು?"

"ನಮ್ಮ ಮನೆಯೋರ ಅಕ್ಕಂಗೆ ಹಂಗೇ ಆಯ್ತು."

"ಅವರು ತೋರಿಸೋಕೆ ಬಂದಾಗ ಗಂಟು ಎಷ್ಟು ದೊಡ್ಡದಿತ್ತು?"

ರೇವಮ್ಮನಿಗೆ ಗೊತ್ತಿರಲಿಲ್ಲ. ಹೆಂಗಸರ ಎದೆಯ ಸಂಗತಿಯನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ತಣ್ಣನೆಯ ಲೋಳೆಯನ್ನು ಹಚ್ಚಿ ಡಾಕ್ಟರು ಸ್ಕ್ಯಾನಿನ ಹಿಡಿಯನ್ನು ಎದೆಯ ಮೇಲೆ ಆಡಿಸಿದರು. ಪರದೆಯ ಮೇಲೆ ಬೂದುಬಣ್ಣದ ಮೋಡದ ನಡುವೆ ಒಂದು ಕಪ್ಪು ಚುಕ್ಕೆ ಕಂಡಿತು. "ಅಲ್ಲಿದೆ ನೋಡಿ. ಅವರೆಕಾಳಿನಷ್ಟು." ಇಷ್ಟು ದಿನ ಇಡೀ ಮನೆಯನ್ನು ಅಲ್ಲಾಡಿಸಿದ್ದು ಇದೇನಾ ಅಂತ ಅವಳಿಗೆ ಕೋಪವೇ ಬಂತು.

ಕಂದು ಬಣ್ಣದ ಔಷಧಿಯಲ್ಲಿ ಒರೆಸಿದರು. "ಈಗ ಮರಗಟ್ಟಿಸೋ ಇಂಜೆಕ್ಷನ್. ಚುರ್ ಅನ್ನುತ್ತೆ, ಸ್ವಲ್ಪ ಉರಿಯುತ್ತೆ. ನೋವು ಅಂದ್ರೆ ಇದೊಂದೇ." ಚುರ್ ಅಂದಿತು. ಕೆಂಜಿಗ ಕಚ್ಚಿದಷ್ಟು ಹೊತ್ತು ಉರಿಯಿತು, ಆಮೇಲೆ ಆ ಜಾಗ ತನ್ನದಲ್ಲ ಅನ್ನಿಸಿತು. ಡಾಕ್ಟರು ಪೆನ್ನಿನ ಹಾಗಿದ್ದ ಉಪಕರಣವನ್ನು ಗಾಳಿಯಲ್ಲೇ ಒಮ್ಮೆ ಒತ್ತಿ ತೋರಿಸಿದರು. ಟಕ್ ಅಂದಿತು. "ಒಳಗೆ ಇಟ್ಟಾಗಲೂ ಇದೇ ಸದ್ದು ಬರುತ್ತೆ. ಬೆಚ್ಚಿ ಅಲ್ಲಾಡಬಾರದು, ಅದಕ್ಕೇ ಮೊದಲೇ ಕೇಳಿಸಿದೆ."

ಚರ್ಮಕ್ಕೆ ಸಾಸಿವೆಯಷ್ಟು ಗಾಯ ಮಾಡಿ ಸೂಜಿ ಇಳಿಸಿದರು. ಒತ್ತಿದ ಹಾಗೆ ಆಯಿತು, ನೋಯಲಿಲ್ಲ. ಪರದೆಯಲ್ಲಿ ಬೆಳ್ಳನೆಯ ಗೆರೆಯೊಂದು ಕಪ್ಪು ಚುಕ್ಕೆಯ ಕಡೆ ನೇರ ಹೋಗುವುದನ್ನು ರೇವಮ್ಮ ಕಣ್ಣು ಮುಚ್ಚದೆ ನೋಡಿದಳು. ಟಕ್. ವನಜಮ್ಮ ಅವಳ ಬಲಗೈ ಹಿಡಿದುಕೊಂಡಿದ್ದಳು. ಟಕ್. ಇನ್ನೂ ಎರಡು ಮೂರು ಸಲ ಹಾಗೇ. ತೆಗೆದದ್ದನ್ನು ನೀರಿನಂಥ ಔಷಧಿಯಿದ್ದ ಪುಟ್ಟ ಸೀಸೆಗೆ ಹಾಕಿ ತೋರಿಸಿದರು. ಶಾವಿಗೆಯ ಮುರುಕುಗಳ ಹಾಗೆ ಬಿಳಿಯ ಎಳೆಗಳು ತೇಲುತ್ತಿದ್ದವು.

"ಇಷ್ಟೇನಾ?"

"ಇಷ್ಟೇ. ಇನ್ನು ವನಜಮ್ಮ ಒತ್ತಿ ಹಿಡೀತಾರೆ, ರಕ್ತ ನಿಲ್ಲೋವರೆಗೂ. ಅದಕ್ಕೇ ಹೊತ್ತು ಜಾಸ್ತಿ ಹಿಡಿಯೋದು."

ಒತ್ತಿ ಹಿಡಿದೇ ವನಜಮ್ಮ ಬುದ್ಧಿ ಹೇಳಿದಳು. ಇವತ್ತು ಆಗಾಗ ಬಟ್ಟೆಯಲ್ಲಿ ಐಸು ಸುತ್ತಿ ಇಟ್ಟುಕೊಳ್ಳಬೇಕು. ನೋವಾದರೆ ಜ್ವರದ ಮಾತ್ರೆ ಸಾಕು. "ಆ ಪುಟಾಣಿ ಮಾತ್ರೆ ಕಡೆ ತಿರುಗಿಯೂ ನೋಡ್ಬೇಡಿ!" ನಾಳೆವರೆಗೂ ಪಟ್ಟಿ ನೆನೆಯಬಾರದು. ಕೊಡ ಎತ್ತುವುದು, ಬಟ್ಟೆ ಹಿಂಡುವುದು, ಮುದ್ದೆ ತಿರುವುವುದು ಬೇಡ. ನೀಲಿಗಟ್ಟಿದರೆ ಹೆದರಬಾರದು, ಊತ ಜೋರಾದರೆ, ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ ಸುಮ್ಮನಿರಬಾರದು. ವಾರ ಹತ್ತು ದಿನಕ್ಕೆ ರಿಪೋರ್ಟು. ರೇವಮ್ಮ ರವಿಕೆ ಹಾಕಿಕೊಂಡು ತನ್ನ ಕಾಲ ಮೇಲೆ ತಾನೇ ನಡೆದು ಹೊರಗೆ ಬಂದಾಗ ಶಾಂತಲಾ ಎದ್ದು ನಿಂತು, "ಆಗಲೇ ಆಯ್ತಾ? ನಾನು ಇನ್ನೂ ಅರ್ಧ ಪುಸ್ತಕ ತಿದ್ದಿಲ್ಲ" ಅಂದಳು.

ಅಂದು ಮಧ್ಯಾಹ್ನ ಮುದ್ದೆ ತಿರುವುವ ಪ್ರಶ್ನೆ ಬಂತು. ಶಾಂತಲಾ ಮಾಡಿದ ಮುದ್ದೆ ಚೌಡಪ್ಪನ ಗಂಟಲಿನಲ್ಲಿ ಇಳಿಯುವುದಿಲ್ಲ ಅನ್ನುವುದು ಮನೆಗೆಲ್ಲ ಗೊತ್ತು. ಅತ್ತೆ ಸೊಸೆ ಬಂದಾಗ ಅಡುಗೆಮನೆಯಲ್ಲಿ ಸದ್ದು ಕೇಳಿತು. ಚೌಡಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಪಾತ್ರೆಯನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು, ಕೋಲಲ್ಲಿ ಹಿಟ್ಟು ತಿರುವುತ್ತಿದ್ದ. ಲೈನ್ ಕೆಲಸಕ್ಕೆ ಹಳ್ಳಿಗಳಲ್ಲಿ ಉಳಿದಾಗ ಕಲಿತ ವಿದ್ಯೆ.

"ಇದೆಲ್ಲ ಒಪ್ಕೊಂಡೆ ಅಂತಲ್ಲ" ಅಂದ, ತಿರುಗದೆ. "ಹೊಟ್ಟೆ ಹಸಿದಿತ್ತು ಅಷ್ಟೇ."

"ನಾನೇನಾದ್ರೂ ಅಂದ್ನಾ?" ಅಂದಳು ರೇವಮ್ಮ.

ಎದೆಯ ಬದಿ ನೇರಳೆ ಬಣ್ಣಕ್ಕೆ ತಿರುಗಿ, ಹಳದಿಯಾಗಿ, ಮಾಸುತ್ತ ಬಂತು. ರಿಪೋರ್ಟಿನ ದಿನ ತಿಮ್ಮೇಶ ರಜ ಹಾಕಿದ. "ನೀನು ಯಾಕಮ್ಮ ಸುಮ್ನೆ? ನಾನೊಬ್ನೇ ಹೋಗಿ ಇಸ್ಕೊಂಡ್ ಬರ್ತೀನಿ. ಬಂದು ಹೇಳ್ತೀನಿ."

"ಏನ್ ಹೇಳ್ತೀಯ? ಒಳ್ಳೇದಿದ್ರೆ ಒಳ್ಳೇದು ಅಂತೀಯ. ಕೆಟ್ಟದಿದ್ರೂ ಒಳ್ಳೇದು ಅಂತೀಯ. ನಿನ್ನ ಹೆತ್ತೋಳು ಕಣೋ ನಾನು."

ಮಗನ ಹಿಂದೆ ಅವಳೂ ಸೊಸೆಯೂ ಹೊರಟರು. ಸರ್ಜನ್ ಮೇಡಂ ಕೋಣೆಯಿಂದ ಆಯಾ ಹೊರಗೆ ಬಂದು, "ರೇವಮ್ಮನ ಕಡೆ ಗಂಡಸರು ಯಾರು? ಒಬ್ರೇ ಒಳಗೆ ಬರ್ಬೇಕಂತೆ" ಅಂದಳು. ತಿಮ್ಮೇಶ ಎದ್ದ. ಅವನಿಗಿಂತ ಮೊದಲೇ ರೇವಮ್ಮ ಎದ್ದಿದ್ದಳು.

"ತುಂಡು ಕೊಟ್ಟೋಳು ನಾನು. ಉತ್ತರಾನೂ ನಂಗೇ ಕೊಡ್ಲಿ."

ಮೇಡಂ ಅವಳನ್ನು ನೋಡಿ ಕನ್ನಡಕ ತೆಗೆದರು. ಮಗ ಸೊಸೆಯನ್ನೂ ಒಳಗೆ ಕರೆಸಿದರು. "ಕ್ಯಾನ್ಸರ್ ಅಂತ ಬಂದಿದೆ ರೇವಮ್ಮ. ಸಣ್ಣದಿದೆ, ಬೇಗ ಸಿಕ್ಕಿದೆ. ಇನ್ನೆರಡು ಟೆಸ್ಟ್ ಮಾಡಿಸಿ ಆಪರೇಷನ್ ಮಾಡೋಣ. ಆಮೇಲೆ ಔಷಧಿ ಇರುತ್ತೆ, ಸುಲಭ ಅಂತ ಸುಳ್ಳು ಹೇಳಲ್ಲ. ಆದ್ರೆ ಗೆಲ್ಲೋ ಹೊತ್ತಲ್ಲೇ ಬಂದಿದೀರ."

ತಿಮ್ಮೇಶ ಮುಖ ಮುಚ್ಚಿಕೊಂಡ. ಶಾಂತಲಾ ಅತ್ತೆಯ ಕೈ ಹಿಡಿದಳು. ಸಾಯುವುದಕ್ಕೆ ರೇವಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ. ನೀರು ಕುಡಿದು ಕೇಳಿದಳು: "ಆಪರೇಷನ್ ಯಾವತ್ತಿಗೆ ಇಟ್ಕೊಳ್ಳಣ ಮೇಡಂ?"

ಮನೆಗೆ ಬಂದಾಗ ಚೌಡಪ್ಪ ಜಗಲಿಯಲ್ಲಿ ನಿಂತೇ ಇದ್ದ. ರೇವಮ್ಮ ಒಳಗೆ ಕರೆದು, ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಗೋಡೆಗೆ ತಲೆ ಚಚ್ಚಿಕೊಂಡ.

"ಬಡ್ಕೊಂಡ್ನಲ್ಲೇ ನಾನು! ಚುಚ್ಚಿಸ್ಕೋಬೇಡ ಅಂತ ಬಡ್ಕೊಂಡ್ನಲ್ಲ! ಚುಚ್ಚಿಸ್ಕೊಂಡೆ, ಬಂತು ನೋಡು! ಅಕ್ಕನ್ನೂ ಹಿಂಗೇ ಕಳ್ಕೊಂಡೆ, ಈಗ ನಿನ್ನೂ..."

"ಅಪ್ಪ!" ಅಂದ ತಿಮ್ಮೇಶ.

ರೇವಮ್ಮ ಮಗನನ್ನು ಕೈಸನ್ನೆಯಲ್ಲೇ ತಡೆದಳು. ಗಂಡನ ಪಕ್ಕಕ್ಕೆ ಸರಿದು ಕೂತಳು.

"ಒಂದು ಕೇಳ್ತೀನಿ, ನಿಜ ಹೇಳಿ. ರಂಗಕ್ಕನ್ನ ಆಸ್ಪತ್ರೆಗೆ ಕರ್ಕೊಂಡೋದ ದಿವ್ಸ, ಆ ಗಂಟು ಎಷ್ಟಿತ್ತು?"

ಚೌಡಪ್ಪ ಬಲಗೈ ಎತ್ತಿ ಮುಷ್ಟಿ ಮಾಡಿ ತೋರಿಸಿದ. ಕಂಬ ಹತ್ತಿದ ಕೈ, ದೊಡ್ಡ ಮುಷ್ಟಿ.

"ಇಷ್ಟಿತ್ತು. ಒಡೆದೋಗಿತ್ತು. ವಾಸ್ನೆ ಬರ್ತಿತ್ತು. ಎರಡು ವರ್ಷ ಯಾರಿಗೂ ಹೇಳ್ದೆ ಸೆರಗು ಮುಚ್ಕೊಂಡಿದ್ಲು. ನಾಚ್ಕೆ ಅಂತೆ."

"ಸೂಜಿ ಹಾಕೋದಕ್ಕೆ ಮುಂಚೇನೇ?"

ಅವನು ಹೌದೆಂದು ತಲೆಯಾಡಿಸಿದ.

"ನನ್ದು ಅವರೆಕಾಳಿನಷ್ಟೈತೆ ಕಣ್ರೀ. ನಾನೇ ಕಣ್ಣಲ್ಲಿ ನೋಡ್ದೆ. ರಂಗಕ್ಕನ್ನ ತಿಂದಿದ್ದು ಸೂಜಿ ಅಲ್ಲ, ಆ ಎರಡು ವರ್ಷ. ನೀವು ಕರ್ಕೊಂಡೋಗಿದ್ದು ತಪ್ಪಲ್ಲ. ಅವ್ಳು ಹೇಳಿದ ದಿವ್ಸವೇ ಕರ್ಕೊಂಡೋದ್ರಿ."

ಚೌಡಪ್ಪನ ಮುಷ್ಟಿ ಹಾಗೇ ಗಾಳಿಯಲ್ಲಿತ್ತು. ಅವನು ಅದನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಬಾಯಿ ಸೊಟ್ಟಗಾಯಿತು. ಅಕ್ಕನ ಮಣ್ಣಿನ ದಿನವೂ ಅಳದವನು ಸೊಸೆಯ ಮುಂದೆ, ಮಗನ ಮುಂದೆ ಗೋಳೋ ಎಂದು ಅತ್ತ. ಯಾರೂ ಸುಮ್ಮನಿರು ಅನ್ನಲಿಲ್ಲ.

ಅಳು ನಿಂತ ಮೇಲೆ ರೇವಮ್ಮ ಹೇಳಿದಳು: "ಇನ್ನೆರಡು ಟೆಸ್ಟಿಗೆ ನಾಳಿದ್ದು ಬರೋಕೆ ಹೇಳವ್ರೆ. ಅದಾದ್ಮೇಲೆ ಆಪರೇಷನ್. ಶಾಂತಲಾ ಬರ್ತೀನಿ ಅಂದವ್ಳೆ. ನೀವು ಬಂದ್ರೂ ಸರಿ, ಬರ್ದಿದ್ರೂ ಸರಿ. ನಾನಂತೂ ಹೋಗ್ತೀನಿ."

ಚೌಡಪ್ಪ ಹೆಗಲ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ.

"ನಾಳಿದ್ದು ಯಾಕೆ?" ಅಂದ. "ನಾಳೆ ಆಗಲ್ವಂತಾ?"